ಮೂರನೇ ಕುರ್ಚಿ

ಜನವರಿ 9

ತಮ್ಮನ ಹೆಂಡತಿಗೆ ಆಶೀರ್ವಾದಗಳು.

ಈ ಕಾಗದದ ಜೊತೆ ಒಂದು ಕಟ್ಟು ಬಂದಿರುತ್ತದೆ. ಅದರಲ್ಲಿ ನನ್ನ ಹೊಸ ಆಟದ ನಿಯಮಗಳ ಕರಡು, ದಾಳಗಳು ಮತ್ತು ಒಂದು ಗುಹೆಯ ನಕ್ಷೆ ಇವೆ. ಪ್ರಕಾಶನದವರು ಆಗಸ್ಟ್ ಒಳಗೆ ಪುಸ್ತಕ ಕೇಳಿದ್ದಾರೆ. ಅದಕ್ಕೆ ಮೊದಲು ಯಾರಾದರೂ ವಾರವಾರ ಕೂತು ಆಡಿ, ತೂಕ ಎಲ್ಲಿ ತಪ್ಪಿದೆ ಎಂದು ನನಗೆ ತಿಳಿಸಬೇಕು. ನಿಮ್ಮ ಮನೆಯಲ್ಲಿ ದೊಡ್ಡ ಮೇಜಿದೆ, ಭಾನುವಾರ ಸ್ನೇಹಿತರು ಸೇರುತ್ತಾರೆ ಎಂದು ತಮ್ಮ ಹೇಳಿದ್ದ. ನೀನು ಸೂತ್ರಧಾರಿಯಾಗು. ಗುಹೆಯಲ್ಲಿ ಏನು ಎದುರಾಯಿತು ಎಂದು ನೀನು ಹೇಳಬೇಕು, ಏನು ಮಾಡುತ್ತೇವೆ ಎಂದು ಅವರು ಹೇಳಬೇಕು, ಏನಾಯಿತು ಎಂಬುದನ್ನು ದಾಳ ಹೇಳುತ್ತದೆ.

ಆಡುವವರು ನಾಲ್ವರು. ಪ್ರತಿಯೊಬ್ಬರೂ ಒಂದು ಕುಲ, ಒಂದು ಕಸುಬು ಆರಿಸಿಕೊಳ್ಳಲಿ. ಕಲ್ಲುಕುಲದವರಿಗೆ ಪೆಟ್ಟು ತಾಗುವುದು ಕಡಿಮೆ, ಆದರೆ ನಡಿಗೆ ನಿಧಾನ. ಗರಿಕುಲದವರು ಹಾರಬಲ್ಲರು, ಮೂಳೆ ಟೊಳ್ಳು. ಮಂಜುಕುಲದವರು ಯಾರ ಕಣ್ಣಿಗೂ ಬೀಳರು, ಆದರೆ ಏನನ್ನೂ ಹೊರಲಾರರು. ಬೇರುಕುಲದವರಿಗೆ ಓಟ ಬಾರದು, ಆದರೆ ಅವರ ಪಕ್ಕ ನಿಂತವರಿಗೆ ಆಗುವ ಗಾಯ ಅರ್ಧಕ್ಕಿಳಿಯುತ್ತದೆ. ಕಸುಬುಗಳೂ ನಾಲ್ಕು: ಕತ್ತಿಯವ, ಬಿಲ್ಲಿನವ, ಮಂತ್ರದವ, ಮುಲಾಮಿನವ. ಎಲ್ಲರಿಗೂ ಹತ್ತು ಉಸಿರು. ಉಸಿರು ಮುಗಿದರೆ ಸಾವು. ಮುಲಾಮಿನವನು ತನ್ನ ಸರದಿ ಬಂದಾಗ ಗಾಯಗೊಂಡ ಒಬ್ಬರಿಗೆ ಮೂರು ಉಸಿರು ಮರಳಿಸಬಹುದು, ಇಲ್ಲವೇ ಸರದಿಯನ್ನೇ ಇನ್ನೊಬ್ಬರಿಗೆ ಬಿಟ್ಟುಕೊಡಬಹುದು.

ಯಾವ ಕುಲವೂ ಯಾವ ಕಸುಬೂ ಇನ್ನೊಂದಕ್ಕಿಂತ ಹೆಚ್ಚು ತೂಗಬಾರದು. ನನ್ನ ಕೆಲಸ ಅಷ್ಟೇ. ಏಳು ಕೋಣೆಗಳ ಈ ಗುಹೆಯನ್ನು ದಾಟುವಷ್ಟರಲ್ಲಿ ನಾಲ್ವರಲ್ಲಿ ಇಬ್ಬರು ಸಾಯಬೇಕು. ಅದಕ್ಕಿಂತ ಹೆಚ್ಚಾದರೆ ಆಡುವವರು ಪುಸ್ತಕ ಬಿಸಾಡುತ್ತಾರೆ, ಕಡಿಮೆಯಾದರೆ ಆಕಳಿಸುತ್ತಾರೆ.

ಒಂದು ಷರತ್ತು. ಯಾರು ಎಲ್ಲಿ ಕೂತಿದ್ದಾರೆ ಎಂದು ನನಗೆ ಬರೆಯಬೇಡ. ಒಂದನೇ ಕುರ್ಚಿ, ಎರಡನೇ ಕುರ್ಚಿ ಎಂದಷ್ಟೇ ಬರೆ. ಮನುಷ್ಯರ ಮುಖ ಕಣ್ಣಮುಂದೆ ಬಂದರೆ ನಿಯಮ ಬರೆಯುವವರ ಕೈ ನಡುಗುತ್ತದೆ. ನನ್ನ ತಮ್ಮನೇ ಆಡುತ್ತಿದ್ದರೂ ಅದು ನನಗೆ ಗೊತ್ತಾಗಕೂಡದು. ಮನೆಯ ಸುದ್ದಿಯಿದ್ದರೆ ಬೇರೆ ಹಾಳೆಯಲ್ಲಿ ಬರೆ.

ನಿನ್ನ ನಾದಿನಿ


ಜನವರಿ 30

ಅಕ್ಕನಿಗೆ ನಮಸ್ಕಾರ.

ವರದಿ. ಒಂದನೇ ಕುರ್ಚಿ ಕಲ್ಲುಕುಲದ ಕತ್ತಿ, ಎರಡನೆಯದು ಗರಿಕುಲದ ಬಿಲ್ಲು, ಮೂರನೆಯದು ಬೇರುಕುಲದ ಮುಲಾಮು, ನಾಲ್ಕನೆಯದು ಮಂಜುಕುಲದ ಮಂತ್ರ. ಮೂರು ಭಾನುವಾರ ಆಡಿದೆವು. ಮೂರು ಸಲವೂ ಏಳು ಕೋಣೆ ದಾಟಿದರು. ಯಾರೂ ಸಾಯಲಿಲ್ಲ.

ಮೂರನೇ ಕುರ್ಚಿ ಹೆಚ್ಚು ಮಾತಾಡುವುದಿಲ್ಲ. ಪಕ್ಕದವರಿಗೆ ಎಷ್ಟು ಉಸಿರು ಉಳಿದಿದೆ ಎಂಬುದು ಅವರಿಗಿಂತ ಮೊದಲು ಅದಕ್ಕೆ ಗೊತ್ತಿರುತ್ತದೆ. ಮದ್ದು ಬೇಕಾದಾಗ ಮದ್ದು, ಬೇಡವಾದಾಗ ಸರದಿ. ಒಂದನೇ ಕುರ್ಚಿಯಂತೂ ರಾಕ್ಷಸನ ಬಾಯಿಗೆ ತಾನಾಗಿ ಹೋಗಿ ಬಿದ್ದು, "ಏಯ್ ಮುಲಾಮು, ಈ ಕಡೆನೂ ಸ್ವಲ್ಪ ಹಚ್ಚಪ್ಪಾ" ಎಂದು ಕೂಗುತ್ತದೆ.

ಸತ್ತವರು ಎದ್ದು ಹೋಗಿ ಎಲ್ಲರ ಲೋಟ ತೊಳೆಯಬೇಕು ಎಂಬುದು ನಮ್ಮ ಮೇಜಿನ ಪದ್ಧತಿ. ಯಾರೂ ಸಾಯದ ಕಾರಣ ಲೋಟಗಳನ್ನು ಮೂರನೇ ಕುರ್ಚಿಯೇ ತೊಳೆಯಿತು. ಅದಕ್ಕೆ ನೆಗಡಿಯಾಗಿತ್ತು, ಬೇಡವೆಂದರೂ ಕೇಳಲಿಲ್ಲ.

ಮನೆಯ ಹಾಳೆ. ನಾವು ಕ್ಷೇಮ. ಇವರಿಗೆ ನೆಗಡಿ. ಬಸ್ ಡಿಪೋದಲ್ಲಿ ಕಳೆದುಹೋದ ವಸ್ತುಗಳ ಕಿಟಕಿಯಲ್ಲೇ ಈಗಲೂ ಕೂರುತ್ತಾರೆ. ಮೊನ್ನೆ ಯಾರದೋ ಛತ್ರಿಯನ್ನು ಅಕಾಲದ ಮಳೆಯಲ್ಲಿ ನೆನೆಯುತ್ತಾ ಅವರ ಮನೆಗೇ ಹೋಗಿ ಕೊಟ್ಟು ಬಂದರು. ಕೈಯಲ್ಲಿದ್ದ ಛತ್ರಿ ಬಿಚ್ಚಬಾರದಿತ್ತೇ ಎಂದರೆ, "ಅದು ಅವರದಲ್ವಾ" ಅಂದರು. ನನಗೆ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೈತುಂಬ ಕೆಲಸ.

ನಿಮ್ಮ ತಮ್ಮನ ಹೆಂಡತಿ


ಫೆಬ್ರವರಿ 12

ತಮ್ಮನ ಹೆಂಡತಿಗೆ,

ವರದಿ ಚೆನ್ನಾಗಿದೆ. ಬೇರುಕುಲವೂ ಮುಲಾಮೂ ಒಂದೇ ಕಡೆ ಸೇರಿದಾಗ ತೂಕ ಹೆಚ್ಚಾಗುತ್ತಿದೆ ಎಂಬುದು ಸ್ಪಷ್ಟ. ಇನ್ನು ಮುಂದೆ ಮುಲಾಮಿನಿಂದ ಮರಳುವುದು ಮೂರಲ್ಲ, ಎರಡೇ ಉಸಿರು. ಬೇರುಕುಲದ ಪಕ್ಕ ನಿಂತವರಿಗೆ ಗಾಯ ಅರ್ಧವಾಗುವುದಿಲ್ಲ, ಒಂದು ಉಸಿರಿನಷ್ಟು ಮಾತ್ರ ತಗ್ಗುತ್ತದೆ. ಕಾರಣ ಹೇಳಬೇಡ. ಕಾರಣ ಹೇಳಿದರೆ ಜನ ವಾದ ಮಾಡುತ್ತಾರೆ, ನಿಯಮವನ್ನಷ್ಟೇ ಓದಿ ಹೇಳಿದರೆ ಒಪ್ಪಿಕೊಳ್ಳುತ್ತಾರೆ.

ತಮ್ಮನಿಗೆ ಬಿಸಿನೀರು ಕುಡಿಯಲು ಹೇಳು.

ನಿನ್ನ ನಾದಿನಿ


ಮಾರ್ಚ್ 6

ಅಕ್ಕನಿಗೆ,

ವರದಿ. ಎರಡೂ ತಿದ್ದುಪಡಿ ಓದಿ ಹೇಳಿದೆ. ಒಂದನೇ ಕುರ್ಚಿ "ಅಯ್ಯೋ, ನಮ್ಮ ಡಾಕ್ಟ್ರ ಸಂಬಳ ಕಡಿತ ಮಾಡಿದ್ರಲ್ಲಪ್ಪ" ಎಂದು ನಕ್ಕಿತು. ಮೂರನೇ ಕುರ್ಚಿ ಹಾಳೆ ತೆಗೆದುಕೊಂಡು ಹಳೆಯ ಅಂಕಿ ಹೊಡೆದು ಹೊಸದನ್ನು ಬರೆದುಕೊಂಡಿತು.

ಆದರೂ ಯಾರೂ ಸಾಯುತ್ತಿಲ್ಲ. ಮೂರನೇ ಕುರ್ಚಿ ಈಗ ಬಾಗಿಲಲ್ಲಿ ನಿಲ್ಲುತ್ತದೆ. ಗಾಯವಾದ ಮೇಲೆ ಮದ್ದು ಹಚ್ಚುವುದಕ್ಕಿಂತ ಗಾಯವಾಗದಂತೆ ನೋಡಿಕೊಳ್ಳುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂದು ಮೆಲ್ಲಗೆ ಹೇಳುತ್ತದೆ, ಎಲ್ಲರೂ ಕೇಳುತ್ತಾರೆ. ದಾಳ ಕೈಯಲ್ಲಿ ಹಿಡಿದು ಮೂರನೇ ಕುರ್ಚಿಯ ಮುಖ ನೋಡುತ್ತಾರೆ, ನನ್ನ ಮುಖವನ್ನಲ್ಲ.

ಎರಡನೇ ಕುರ್ಚಿ ಶಾಲೆಯಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವಾಕೆ. ಲೋಟ ಒಳಗಿಡುವಾಗ ನನಗೆ ಹೇಳಿದಳು: "ತೂಕ ಕಸುಬಿನದಲ್ಲ ಕಣೇ, ಕೂತಿರೋರದ್ದು. ನಮ್ಮ ಶಾಲೇಲೂ ಒಬ್ಬ ಹುಡುಗಿ ಇದ್ದಾಳೆ, ಯಾವ ಗುಂಪಿಗೆ ಹಾಕಿದ್ರೂ ಅದೇ ಗೆಲ್ಲುತ್ತೆ. ಒಂದು ವಾರ ಇಬ್ಬರನ್ನ ಅದಲುಬದಲು ಮಾಡಿ ಕೂರಿಸಿ ನೋಡು." ನಿಮ್ಮನ್ನು ಕೇಳದೆ ಬದಲಿಸಲಿಲ್ಲ.

ಮನೆಯ ಹಾಳೆ. ಇವರು ಕ್ಷೇಮ. ಯಾವ ಸಿನಿಮಾಕ್ಕೆ ಹೋಗೋಣ ಎಂದರೆ "ನಿನ್ನಿಷ್ಟ". ಗೋಡೆಗೆ ಯಾವ ಬಣ್ಣ ಎಂದರೆ "ನಿನ್ನಿಷ್ಟ". ಮದುವೆಯಾಗಿ ಇಷ್ಟು ವರ್ಷವಾಯಿತು, ಇವರಿಗೆ ಊಟದಲ್ಲಿ ಏನು ಸೇರುತ್ತದೆ ಎಂದು ನನಗೆ ಈಗಲೂ ಗೊತ್ತಿಲ್ಲ. ಬೀದಿಯಲ್ಲಿ ಎದುರಾದವರೆಲ್ಲ "ನೀವು ಪುಣ್ಯ ಮಾಡಿದ್ರಿ" ಎನ್ನುತ್ತಾರೆ. ಒಳ್ಳೆಯವರ ಜೊತೆ ಇರುವುದೆಂದರೆ ಏನೆಂದು ಅವರಿಗೇನು ಗೊತ್ತು. ನಾನು ಏನು ಮಾಡಿದರೂ ಕೆಟ್ಟವಳ ಹಾಗೆ ಕಾಣುತ್ತೇನೆ. ಒಮ್ಮೆಯಾದರೂ, ಆಟದಲ್ಲಾದರೂ, ಈ ಮನುಷ್ಯ ಕತ್ತಿ ಹಿಡಿಯುವುದನ್ನು ನೋಡಬೇಕು ಅನಿಸುತ್ತದೆ.

ನಮ್ಮ ಲ್ಯಾಬಿನಲ್ಲಿ ಕಟ್ಟಿದ ಹಲ್ಲು ಸರಿ ಕೂರುತ್ತದೆಯೇ ಎಂದು ನೋಡಲು ಮಧ್ಯೆ ನೀಲಿ ಕಾಗದ ಇಟ್ಟು ಕಚ್ಚಿಸುತ್ತೇವೆ. ಎಲ್ಲಿ ನೀಲಿ ಗಾಢವಾಗಿ ಬಿತ್ತೋ ಅಲ್ಲಿ ಉಜ್ಜುತ್ತೇವೆ. ನೀವೂ ಹಾಗೆಯೇ ಮಾಡುತ್ತಿದ್ದೀರಿ. ಕಟ್ಟಿದ ಹಲ್ಲನ್ನು ಎಷ್ಟು ಉಜ್ಜಿದರೂ ನೋಯುವುದಿಲ್ಲ, ಅದೊಂದು ಅನುಕೂಲ.

ನಿಮ್ಮ ತಮ್ಮನ ಹೆಂಡತಿ


ಮಾರ್ಚ್ 19

ತಮ್ಮನ ಹೆಂಡತಿಗೆ,

ಕುರ್ಚಿ ಬದಲಿಸಬೇಡ. ಬದಲಿಸಿದರೆ ಇಷ್ಟು ವಾರದ ಅಂಕಿಗಳೆಲ್ಲ ನೀರಿನಲ್ಲಿ ಹೋಮ. ಎರಡನೇ ಕುರ್ಚಿ ಬಾಣ ಬಿಡಲಿ, ಆಟದ ತೂಕ ನಾನು ನೋಡಿಕೊಳ್ಳುತ್ತೇನೆ.

ಹೊಸ ನಿಯಮ: ಮುಲಾಮಿನವನು ಎರಡು ಉಸಿರು ಕೊಟ್ಟರೆ ಅವನ ಸ್ವಂತದ ಒಂದು ಉಸಿರು ಹೋಗುತ್ತದೆ. ಕೊಡುವವನಿಗೂ ಏನಾದರೂ ಖರ್ಚಾಗಬೇಕು. ಖರ್ಚಿಲ್ಲದೆ ಕೊಡುವವನಷ್ಟು ಅಪಾಯಕಾರಿ ಇನ್ನೊಬ್ಬನಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಮನೆಯಲ್ಲಿ ಒಂದು ಉಯ್ಯಾಲೆ ಇತ್ತು. ನನ್ನ ಸರದಿ ಮುಗಿದು ಇನ್ನೊಬ್ಬನ ಸರದಿ ಬಂದರೆ ಅವನು ಹತ್ತದೆ, "ಅಕ್ಕ, ನೀನೇ ಆಡು" ಎನ್ನುತ್ತಿದ್ದ. ನಾನು ಆಡುತ್ತಿದ್ದೆ, ಮಗುವಿಗೆ ಇನ್ನೇನು ಗೊತ್ತಿರುತ್ತದೆ. ಅಮ್ಮ ಹೊರಗೆ ಬಂದು ಅವನ ತಲೆ ಸವರಿ, ನನ್ನ ಕಡೆ ತಿರುಗಿ "ನಾಚಿಕೆ ಆಗಲ್ವೇನೇ ನಿಂಗೆ, ಕೊಟ್ಟಿದ್ದೆಲ್ಲ ತಗೊಳ್ಳೋಕೆ" ಎನ್ನುತ್ತಿದ್ದಳು. ಉಯ್ಯಾಲೆ ನನ್ನದಾಯಿತು, ಅಮ್ಮ ಅವನವಳಾದಳು. ನನಗೆ ಲೆಕ್ಕ ಬಂದದ್ದು ಆ ಅಂಗಳದಲ್ಲಿ.

ನಿನ್ನ ನಾದಿನಿ


ಏಪ್ರಿಲ್ 10

ಅಕ್ಕನಿಗೆ,

ವರದಿ. ಕಳೆದ ಭಾನುವಾರ ಮೊದಲ ಸಾವು. ಮೂರನೇ ಕುರ್ಚಿ.

ಆರನೇ ಕೋಣೆಯಲ್ಲಿ ಚಾವಣಿ ಕುಸಿಯಿತು. ಒಂದನೇ ಕುರ್ಚಿಗೆ ಅರ್ಧ ಉಸಿರು ಇತ್ತು ಎನ್ನಬೇಕು, ಅಷ್ಟೇ. ಮೂರನೆಯದಕ್ಕೆ ಉಳಿದದ್ದು ಒಂದು. "ಕೊಟ್ಟರೆ ನೀವು ಹೋಗ್ತೀರಿ" ಎಂದು ಸೂತ್ರಧಾರಿಯಾಗಿ ಎಚ್ಚರಿಸಿದೆ. "ಗೊತ್ತು" ಎಂದು ಕೊಟ್ಟಿತು. ಒಂದನೇ ಕುರ್ಚಿ ಆ ಎರಡು ಉಸಿರಿನಲ್ಲಿ ಎದ್ದು, ಮೂಲೆಯಲ್ಲಿದ್ದ ಚಿನ್ನದ ಕಿರೀಟ ಎತ್ತಿಕೊಂಡು, "ಥ್ಯಾಂಕ್ಸ್ ಮುಲಾಮು, ನಿನ್ನ ಹೆಸರಲ್ಲಿ ಒಂದು ಕಲ್ಲು ನೆಡಿಸ್ತೀನಿ" ಎಂದು ಏಳನೇ ಕೋಣೆಗೆ ಹೊರಟಿತು. ಮೇಜು ಬಡಿದು ನಕ್ಕರು. ನಾನೂ ನಕ್ಕೆ.

"ಲೋಟದ ತಳ ಉಜ್ಜಿ ಡಾಕ್ಟ್ರೇ, ಈಗ ನೀವು ಅಧಿಕೃತವಾಗಿ ಸತ್ತಿದ್ದೀರಿ" ಎಂದಿತು ನಾಲ್ಕನೇ ಕುರ್ಚಿ. ಮೂರನೇ ಕುರ್ಚಿ ಎದ್ದು ಲೋಟಗಳನ್ನು ತೆಗೆದುಕೊಂಡು ಹೋಯಿತು. ನಲ್ಲಿಯ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಉಳಿದ ಮೂವರೂ ಗುಹೆ ದಾಟಿದರು. ನಿಮ್ಮ ಲೆಕ್ಕಕ್ಕೆ ಇನ್ನೊಂದು ಸಾವು ಬಾಕಿಯಿದೆ. ಸರದಿ ಬಿಟ್ಟುಕೊಡುವ ನಿಯಮ ಇರುವವರೆಗೆ ಅದು ಕಷ್ಟ. ಮೂರನೇ ಕುರ್ಚಿ ಎಲ್ಲರನ್ನೂ ಕಾಯುತ್ತಿರುವುದು ಅದರಿಂದಲೇ.

ಮನೆಯ ಹಾಳೆ. ಲೋಟ ಒರೆಸುತ್ತಾ ಇವರು ಕೇಳಿದರು: "ಈ ನಿಯಮಗಳನ್ನೆಲ್ಲ ಬರೆಯೋದು ಅಕ್ಕನೇನಾ?" ಪ್ರಕಾಶನದವರು ಕಳಿಸುತ್ತಾರೆ ಎಂದೆ. ಒರೆಸಿದ ಲೋಟ ಬೋರಲಿಟ್ಟು, "ಅಕ್ಕ ಆದ್ರೆ ಸರಿಯಾಗೇ ಇರುತ್ತೆ. ಅವಳು ಲೆಕ್ಕ ತಪ್ಪಲ್ಲ" ಎಂದರು.

ನಿಮ್ಮ ತಮ್ಮನ ಹೆಂಡತಿ


ಏಪ್ರಿಲ್ 22

ತಮ್ಮನ ಹೆಂಡತಿಗೆ,

ಸರದಿಯ ಬಗ್ಗೆ ನೀನು ತೋರಿಸಿಕೊಟ್ಟದ್ದು ಸರಿ. ಇಷ್ಟು ದಿನ ನನಗೆ ಹೊಳೆದಿರಲಿಲ್ಲ ಎಂದು ಹೇಳುವುದಿಲ್ಲ. ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಕೊನೆಯ ತಿದ್ದುಪಡಿ: ಯಾರೂ ತಮ್ಮ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಂತಿಲ್ಲ.

ಇದನ್ನು ಆಡಿ ನೋಡಿ ಮೇ ಕೊನೆಯೊಳಗೆ ಅಂಕಿ ಕಳಿಸು. ಜೂನ್ ಮೊದಲ ವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ.

ನೆಗಡಿ ವಾಸಿಯಾಯಿತೇ? ತಮ್ಮನದ್ದು ಕೇಳುತ್ತಿದ್ದೇನೆ. ಕುರ್ಚಿಯದ್ದೂ ಅದೇ ಹೊತ್ತಿಗೆ ವಾಸಿಯಾಗಿರಬೇಕು.

ನಿನ್ನ ನಾದಿನಿ


ಮೇ 20

ಅಕ್ಕ,

ನಿಮಗೆ ಗೊತ್ತಿತ್ತು. ಇರಲಿ, ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು.

ಕೊನೆಯ ನಿಯಮವನ್ನು ಓದಿ ಹೇಳಿದ ದಿನ ಇವರು ಹಾಳೆಯನ್ನು ಕೈಗೆ ತೆಗೆದುಕೊಂಡು ತಾವೇ ಓದಿದರು. ಆಮೇಲೆ ಆಟ ಶುರುವಾಯಿತು. ಸರದಿ ಬಂದಾಗಲೆಲ್ಲ "ನನ್ನ ಸರದಿ. ಏನೂ ಮಾಡಲ್ಲ" ಎಂದರು. ಒಂದನೇ ಕುರ್ಚಿಯವನು "ಏನ್ ಡಾಕ್ಟ್ರೇ, ಮುಷ್ಕರಾನಾ" ಎಂದು ಚುಡಾಯಿಸಿದ. ಮೂರನೇ ಕೋಣೆಯಲ್ಲಿ ಅವನು ಸತ್ತ. ಆಮೇಲೆ ಆ ಶಾಲೆಯಾಕೆ. ಆಮೇಲೆ ಎಲ್ಲರೂ. ಅಂದು ಲೋಟಗಳನ್ನು ಯಾರೂ ತೊಳೆಯಲಿಲ್ಲ.

ಮರುವಾರ ಇವರು ಡಿಪೋದಲ್ಲಿ ಭಾನುವಾರದ ಪಾಳಿ ಕೇಳಿ ಹಾಕಿಸಿಕೊಂಡರು. ಮೂರನೇ ಕುರ್ಚಿಯಲ್ಲಿ ಪಕ್ಕದ ಮನೆಯ ಇಂಜಿನಿಯರನ್ನು ಕೂರಿಸಿದೆ. ಬುದ್ಧಿವಂತ. ಎರಡನೇ ಕೋಣೆಯಲ್ಲಿ ನಾಲ್ವರೂ ಸತ್ತರು. ಬೇಗ ಸಾಯುವುದರಿಂದ ಒಂದೇ ಮಧ್ಯಾಹ್ನಕ್ಕೆ ನಾಲ್ಕೈದು ಆಟ ಮುಗಿಯುತ್ತವೆ. ಪ್ರತಿ ಸಲವೂ ಹಾಗೆಯೇ. ಅಂಕಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ಶಾಲೆಯಾಕೆ ಹೇಳಿದ್ದು ನಿಜ. ಕಸುಬಿನಲ್ಲಿ ಏನೂ ಹೆಚ್ಚಿರಲಿಲ್ಲ, ಎಲ್ಲ ಹೆಚ್ಚೂ ಇವರದೇ ಆಗಿತ್ತು. ನಾವು ತಪ್ಪು ಹಲ್ಲು ಉಜ್ಜಿದೆವು.

ದಯವಿಟ್ಟು ಮೊದಲಿನ ನಿಯಮಗಳನ್ನೇ ಹಾಕಿ. ಮೂರು ಉಸಿರು, ಸರದಿ, ಎಲ್ಲ. ಹಾಕಿದ್ದೀರೆಂದು ತೋರಿಸಿದರೆ ಇವರು ಮತ್ತೆ ಬಂದು ಕೂರುತ್ತಾರೆ. ಭಾನುವಾರ ಆ ಮೇಜಿನ ಮುಂದೆ ಬಿಟ್ಟರೆ ಇವರ ಮಾತಿಗೆ ಕಾಯುವವರು ಬೇರೆಲ್ಲೂ ಇರಲಿಲ್ಲ. ನನಗೆ ಈಗ ತಿಳಿಯುತ್ತಿದೆ.

ನಿಮ್ಮ ತಮ್ಮನ ಹೆಂಡತಿ


ಜೂನ್ 3

ತಮ್ಮನ ಹೆಂಡತಿಗೆ,

ನಿನ್ನ ಅಂಕಿಗಳು ಬಂದವು. ಜನವರಿಯಿಂದ ಬಂದದ್ದೆಲ್ಲವನ್ನೂ ಒಟ್ಟು ಹಾಕಿದೆ. ಯಾರೂ ಸಾಯದ ಆಟಗಳು ಎಷ್ಟಿವೆಯೋ ಎಲ್ಲರೂ ಸತ್ತ ಆಟಗಳೂ ಹೆಚ್ಚುಕಡಿಮೆ ಅಷ್ಟೇ ಇವೆ. ಕೂಡಿ ಭಾಗಿಸಿದರೆ ಆಟಕ್ಕೆ ಇಬ್ಬರು. ನಾನು ಮೊದಲ ಕಾಗದದಲ್ಲಿ ಕೇಳಿದ್ದೂ ಇಬ್ಬರನ್ನೇ.

ನಿಯಮ ಬದಲಾಗುತ್ತಾ ಬಂದಿದೆ, ಬೇರೆಬೇರೆ ನಿಯಮದ ಆಟಗಳನ್ನು ಕೂಡಿಸುವುದು ಸರಿಯೇ ಎಂದು ನೀನು ಕೇಳಬಹುದು. ಪ್ರಕಾಶನದವರು ಕೇಳಲಿಲ್ಲ. ಅವರಿಗೆ ಕೊನೆಯ ಸಾಲಿನ ಅಂಕಿ ಸಾಕು. ಪುಟಗಳು ಅಚ್ಚಿಗೆ ಹೋದವು.

ನೀನು ಬಹಳ ಶಿಸ್ತಿನಿಂದ ಕೆಲಸ ಮಾಡಿದ್ದೀ. ಪುಸ್ತಕದ ಮೊದಲ ಪುಟದಲ್ಲಿ ನಿನಗೆ ಕೃತಜ್ಞತೆ ಹೇಳಿದ್ದೇನೆ.

ನಿನ್ನ ನಾದಿನಿ


ಸೆಪ್ಟೆಂಬರ್ 14

ಅಕ್ಕ,

ಪುಸ್ತಕ ಬಂತು. ಚಿತ್ರಗಳು ಚೆನ್ನಾಗಿವೆ. ಮುಲಾಮಿನವನ ಮುಖಕ್ಕೆ ನೆರಳು ಬರೆಸಿದ್ದೀರಿ.

ಇವರು ಭಾನುವಾರ ಪಾಳಿ ಮುಗಿಸಿ ಡಿಪೋ ಹಿಂದಿನ ವಿಶ್ರಾಂತಿ ಕೋಣೆಯಲ್ಲಿ ಡ್ರೈವರುಗಳ ಜೊತೆ ಇದೇ ಆಟ ಆಡುತ್ತಾರಂತೆ. ಅವರಿಗೆ ಪುಸ್ತಕ ಸಿಕ್ಕಿದ್ದು ಅಂಗಡಿಯಿಂದ. ನನಗೆ ಇದು ತಿಳಿದದ್ದು ನಮ್ಮ ಒಂದನೇ ಕುರ್ಚಿಯವನಿಂದ. ಅವನೂ ಅಲ್ಲಿಗೆ ಹೋಗಿದ್ದನಂತೆ. "ನಿಮ್ಮೆಜಮಾನ್ರು ಈಗ ಕತ್ತಿ ಹಿಡೀತಾರೆ, ಗೊತ್ತಾ? ಗಾಯ ಆಗಿ ಬಿದ್ದೋರನ್ನ ದಾಟ್ಕೊಂಡು ಹೋಗ್ತಾರೆ. ನಾನು ಬಿದ್ದಿದ್ದೆ, ನನ್ನ ಬೆನ್ನ ಮೇಲೇ ಕಾಲಿಟ್ರು. ಅವರಿಗೆ ಸೋಲೇ ಇಲ್ಲ" ಎಂದ. ಅವನಿಗೆ ಅದು ತಮಾಷೆ.

ಡಿಪೋ ಕಿಟಕಿಯಲ್ಲೂ ಹಾಗೆಯೇ. ಸಮಯ ಮುಗಿದ ಮೇಲೆ ಯಾರಾದರೂ ಬಂದರೆ ವಸ್ತು ಮುಂದೆಯೇ ಇದ್ದರೂ "ನಾಳೆ ಬನ್ನಿ" ಎಂದು ಪರದೆ ಎಳೆಯುತ್ತಾರೆ. ಮೇಲಿನವರು ಮೆಚ್ಚಿಕೊಂಡಿದ್ದಾರೆ. ಮನೆಯಲ್ಲಿ ಜಗಳವಿಲ್ಲ. ಯಾವ ಸಿನಿಮಾ ಎಂದು ನಾನು ಕೇಳುವ ಮೊದಲೇ ಇವರು ಒಬ್ಬರೇ ನೋಡಿ ಬಂದಿರುತ್ತಾರೆ.

ನಾನು ಹೋದ ವಾರ ಲ್ಯಾಬಿನಲ್ಲಿ ಹಲ್ಲಿನ ಅಚ್ಚಿಗೆಂದು ಕಲಸಿ ಚೆಲ್ಲಿದ ಗಾರೆಯ ಮೇಲೆ ಜಾರಿ ಬಿದ್ದೆ. ಕಾಲು ಮುರಿದಿದೆ. ತೊಡೆಯವರೆಗೆ ಕಟ್ಟಿದ್ದಾರೆ, ಏಳುವ ಹಾಗಿಲ್ಲ. ನಿನ್ನೆ ಊಟವಾದ ಮೇಲೆ ಗುಳಿಗೆ ನುಂಗಬೇಕಿತ್ತು, ನೀರು ಖಾಲಿಯಾಗಿತ್ತು. ಇವರು ಎದುರಿನ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು.

"ಸ್ವಲ್ಪ ನೀರು ಕೊಡ್ತೀರಾ?"

ಇವರು ತಲೆಯೆತ್ತಿ ನೋಡಿದರು. ಕೋಪವಿರಲಿಲ್ಲ, ಅಕ್ಕ. ಇದ್ದಿದ್ದರೆ ನಾನು ನಿಮಗೆ ಬರೆಯುತ್ತಿರಲಿಲ್ಲ.

"ಇದು ನಾನು ಓದೋ ಹೊತ್ತು," ಎಂದರು. "ಸರದಿ ಬಿಟ್ಟುಕೊಡೋ ಹಾಗಿಲ್ಲವಲ್ಲ."

ಗುಳಿಗೆ ನಾಲಿಗೆಯ ಮೇಲೆ ಕರಗಿ ಕಹಿಯಾಯಿತು. ಇವರು ಕೊನೆಯ ಪುಟದವರೆಗೂ ಓದಿ, ಪೇಪರ್ ಮಡಚಿಟ್ಟು, ಎದ್ದು ಹೋಗಿ ನೀರು ತಂದರು. ಲೋಟ ತುಂಬಿತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ.

ನೀವು ಒಡಹುಟ್ಟಿದವರು. ಇವರಿಗೆ ಒಂದು ಮಾತು ಬರೆಯಿರಿ. ಎರಡನೇ ಮುದ್ರಣದಲ್ಲಿ ಆ ನಿಯಮ ತೆಗೆಯುತ್ತೇನೆ ಎಂದಾದರೂ ಬರೆಯಿರಿ. ನಿಮ್ಮ ಮಾತು ಮೀರುವುದಿಲ್ಲ.

ನಿಮ್ಮ ತಮ್ಮನ ಹೆಂಡತಿ


ಅಕ್ಟೋಬರ್ 1

ಸೂತ್ರಧಾರಿಗೆ,

ನಿನ್ನ ಮಾರ್ಚ್ ತಿಂಗಳ ಕಾಗದ ನನ್ನ ಮೇಜಿನ ಮೇಲಿದೆ. ಒಮ್ಮೆಯಾದರೂ ಅವನು ಕತ್ತಿ ಹಿಡಿಯುವುದನ್ನು ನೋಡಬೇಕು ಎಂದು ಬರೆದಿದ್ದೀ. ಏಪ್ರಿಲ್ ತಿಂಗಳದ್ದೂ ಇದೆ. ಸರದಿಯ ನಿಯಮವನ್ನು ಬೆರಳಿಟ್ಟು ತೋರಿಸಿದವಳು ನೀನು. ನಾನು ಉಜ್ಜಿದೆ, ನೀಲಿ ಕಾಗದ ಹಿಡಿದದ್ದು ನಿನ್ನ ಕೈ.

ಅವನಿಗೆ ಬರೆಯಲು ಹೇಳಿದ್ದೀ. ನೀನು ಹೇಳುವ ಮೊದಲೇ ಬರೆದಿದ್ದೆ. ಪುಸ್ತಕದ ಒಂದು ಪ್ರತಿಯೊಳಗೆ ಕಾಗದ ಇಟ್ಟು, ಉಯ್ಯಾಲೆಯ ವಿಷಯವನ್ನೂ ಸೇರಿಸಿ, ಡಿಪೋದ ವಿಳಾಸಕ್ಕೆ ಕಳಿಸಿದ್ದೆ. ಕಟ್ಟು ಬಿಚ್ಚದೆ ಮರಳಿ ಬಂತು. ಮೇಲೆ ಅವನ ಕಿಟಕಿಯ ಮೊಹರು ಹೊಡೆದಿದೆ: ವಾರಸುದಾರರಿಲ್ಲ. ಮೊಹರು ನೆಟ್ಟಗೆ, ಸ್ಪಷ್ಟವಾಗಿ ಬಿದ್ದಿದೆ. ಅವನು ಯಾವ ಕೆಲಸವನ್ನೂ ಅರೆಬರೆ ಮಾಡುವವನಲ್ಲ.

ಎರಡನೇ ಮುದ್ರಣ ಬರುತ್ತಿದೆ. ಆ ನಿಯಮ ಹಾಗೆಯೇ ಇರುತ್ತದೆ. ಓದುಗರು ಅದನ್ನು ಮೆಚ್ಚಿಕೊಂಡಿದ್ದಾರೆ. ಮುಲಾಮಿನ ಕಸುಬನ್ನು ಮಾತ್ರ ಯಾರೂ ಆರಿಸಿಕೊಳ್ಳುತ್ತಿಲ್ಲವಂತೆ. ಅದನ್ನು ಆಡಬಲ್ಲ ಒಬ್ಬನೇ ಒಬ್ಬ ಮನುಷ್ಯನನ್ನು ನಾವಿಬ್ಬರೂ ಬಲ್ಲೆವು.

ಇನ್ನೊಂದು ಆಟ ಶುರುಮಾಡಿದ್ದೇನೆ. ಕರಡು ಮುಂದಿನ ತಿಂಗಳು ಬರುತ್ತದೆ. ಷರತ್ತು ಮೊದಲಿನದೇ, ಯಾರು ಎಲ್ಲಿ ಕೂತಿದ್ದಾರೆಂದು ನನಗೆ ಬರೆಯಬೇಡ. ನಿನಗೆ ಹೇಗೂ ಏಳಲಾಗುವುದಿಲ್ಲ. ಮೂರನೇ ಕುರ್ಚಿ ಖಾಲಿಯಿದ್ದರೆ ಅಲ್ಲಿ ನೀನೇ ಕೂತುಕೋ.

ನಿಯಮ ಬರೆಯುವವಳು